ಸುಮಿತ್ರಮ್ಮ ಬಿಚ್ಚದ ಏಪ್ರನ್

ಸುಮಿತ್ರಮ್ಮ ಕೊಪ್ಪದ ಒಂದು ಖಾಸಗಿ ಆಸ್ಪತ್ರೆಗೆ ಆಯಾ ಆಗಿ ಸೇರಿದ್ದು ನೆಲ ಒರೆಸುವುದಕ್ಕೆ, ಹಾಸಿಗೆ ಬದಲಿಸುವುದಕ್ಕೆ. ಆದರೆ ಎಷ್ಟೇ ರಚ್ಚೆ ಹಿಡಿದ ಮಗುವೂ ಆಕೆಯ ಕೈಗೆ ಬಂದರೆ ಸುಮ್ಮನಾಗುತ್ತಿತ್ತು. ಹಾಗಾಗಿ ಚಿಕ್ಕ ಮಕ್ಕಳ ಎಕ್ಸ್‌-ರೇ ಇದ್ದಾಗಲೆಲ್ಲ ಅಲುಗದಂತೆ ಹಿಡಿದುಕೊಳ್ಳಲು ಆಕೆಯನ್ನೇ ಕರೆಯುವುದು ರೂಢಿಯಾಯಿತು. ಅದು ಯಾರ ಕೆಲಸ ಎಂದು ಯಾರೂ ಕೇಳಲಿಲ್ಲ.

ಕಿರಣ ತಾಗದಿರಲೆಂದು ಆಕೆಗೆ ತೊಡಿಸುತ್ತಿದ್ದುದು ಸೀಸದ ಹಾಳೆ ತುಂಬಿದ ಹಳೆಯ ಏಪ್ರನ್. ಅದರ ಭಾರಕ್ಕೆ ಮನೆಗೆ ಹೋದ ಮೇಲೂ ಭುಜ ಎತ್ತಲಾಗುತ್ತಿರಲಿಲ್ಲ.

ಎರಡು ಸಾವಿರದ ಏಳರಲ್ಲಿ ನರಸಿಂಹರಾಜಪುರದ ದೇವಕಿ ಅಲ್ಲಿಗೆ ಎಕ್ಸ್‌-ರೇ ಟೆಕ್ನಿಶಿಯನ್ ಆಗಿ ಬಂದಳು. ಬಂದ ವಾರವೇ ಅನುಮಾನಪಟ್ಟು ಆ ಏಪ್ರನ್ನನ್ನೇ ಮೇಜಿನ ಮೇಲೆ ಹಾಸಿ ಎಕ್ಸ್‌-ರೇ ತೆಗೆದಳು. ಬೆಳ್ಳಗೆ ಬರಬೇಕಿದ್ದ ಫಿಲಂನಲ್ಲಿ ಹೊಟ್ಟೆಯ ಭಾಗದುದ್ದಕ್ಕೂ ಕಪ್ಪು ಗೆರೆಗಳು.

"ಮಡಚಿ ಮಡಚಿ ಒಳಗಿನ ಸೀಸ ಒಡೆದು ಹೋಗಿದೆ ಸುಮಿತ್ರಕ್ಕ. ಇಲ್ಲೆಲ್ಲ ಕಿರಣ ಒಳಗೆ ಬರ್ತದೆ" ಎಂದಳು.

ಇಬ್ಬರೂ ಆಸ್ಪತ್ರೆಯ ಯಜಮಾನರಾದ ಮೂಳೆ ಡಾಕ್ಟರ್ ವಿದ್ಯಾಶಂಕರರ ಬಳಿ ಹೋದರು. ಅವರು ಫಿಲಂ ಕಡೆ ಒಮ್ಮೆ ನೋಡಿ, "ಗೊತ್ತಿರೋದೇ ಅಲ್ವಾ. ಹೋದ ವರ್ಷವೇ ನೋಡಿದ್ದೆ. ಇವರು ನಿಲ್ಲೋದು ಒಂದು ಗಳಿಗೆ" ಎಂದರು.

ಗೊತ್ತಿತ್ತಂತೆ! ಸುಮಿತ್ರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಡಾಕ್ಟರ ಆ ಕೋಣೆಯ ಗೋಡೆಯ ಮೇಲೆಯೇ ಹೊಸ ಏಪ್ರನ್ ಎರಡು ನೇತಾಡುತ್ತಿದ್ದವು. ಸೀಸವೇ ಇಲ್ಲದ, ತವರ, ಬಿಸ್ಮತ್ ಮೊದಲಾದ ಲೋಹಗಳ ಪುಡಿ ಬೆರೆಸಿ ಮಾಡಿದ ಹಗುರ ಏಪ್ರನ್ನುಗಳು. ಒಂದು ಡಾಕ್ಟರು ಎಕ್ಸ್‌-ರೇಯಲ್ಲಿ ಮೂಳೆ ನೋಡಿಕೊಂಡು ಮಾಡುವ ಆಪರೇಷನ್ನಿಗೆ ತೊಡುವುದು. ಇನ್ನೊಂದು ಶಿವಮೊಗ್ಗದಿಂದ ಯಾವಾಗಲೋ ಬರುವ ಇನ್ನೊಬ್ಬ ಡಾಕ್ಟರಿಗಂತೆ. ಅದರ ಪ್ಲಾಸ್ಟಿಕ್ ಕವರನ್ನೂ ಯಾರೂ ತೆಗೆದಿರಲಿಲ್ಲ.

ಕೆಲವೇ ದಿನಗಳಲ್ಲಿ ಬಸರೀಕಟ್ಟೆಯಿಂದ ಜೀಪಿನಲ್ಲಿ ಒಂದು ಹೆಣ್ಣು ಮಗುವನ್ನು ತಂದರು. ಮೆಟ್ಟಿಲಿಂದ ಬಿದ್ದು ಮುಂಗೈ ಊದಿತ್ತು. ತಾಯಿ ತುಂಬು ಬಸುರಿ, ಎಕ್ಸ್‌-ರೇ ಕೋಣೆಯೊಳಗೆ ಬರುವ ಹಾಗಿಲ್ಲ. ಸುಮಿತ್ರಮ್ಮನನ್ನು ಕರೆದರು. ಆಕೆ ನೆಟ್ಟಗೆ ಡಾಕ್ಟರ ಕೋಣೆಗೆ ನಡೆದು, ಪ್ಲಾಸ್ಟಿಕ್ ಹರಿದು, ಹೊಸ ಏಪ್ರನ್ ತೊಟ್ಟು ಬಂದರು.

ಡಾಕ್ಟರು ಹಿಂದೆಯೇ ಬಂದರು. "ಯಾರನ್ನ ಕೇಳಿ ತಗೊಂಡ್ರಿ? ಬಿಚ್ಚಿ."

"ಬಿಚ್ಚೋದಿಲ್ಲ ಡಾಕ್ಟ್ರೇ. ಆ ಒಡಕು ಏಪ್ರನ್ ನೀವು ಹಾಕ್ಕೊಂಡು ಈ ಕೂಸನ್ನ ಹಿಡ್ಕೊಳ್ಳಿ, ಬಿಚ್ತೇನೆ."

ಡಾಕ್ಟರು ಬಾಗಿಲಲ್ಲೇ ನಿಂತರು. ಮಗು ಅಳುತ್ತಿತ್ತು. ದೇವಕಿ, "ಬಾಗಿಲು ಹಾಕ್ಬೇಕು ಸರ್" ಎಂದಳು. ಅವರು ಮುಖ ಕೆಂಪಗೆ ಮಾಡಿಕೊಂಡು ಹೊರಗೆ ಹೋದರು. ಸುಮಿತ್ರಮ್ಮ ಮಗುವಿನ ಕೈಯನ್ನು ಮೆಲ್ಲಗೆ ಹಿಡಿದರು. ಎಕ್ಸ್‌-ರೇ ಒಂದೇ ಸಲಕ್ಕೆ ಚೆನ್ನಾಗಿ ಬಂತು.

ಮರುದಿನವೇ ಆಕೆಯನ್ನು ಬಟ್ಟೆ ಒಗೆಯುವಲ್ಲಿಗೆ ಹಾಕಿದರು. ಹಳೆಯ ಏಪ್ರನ್ನನ್ನು ಬೇರೆ ಯಾರಿಗೂ ತೊಡಿಸುವುದಿಲ್ಲವೆಂದು ದೇವಕಿ ಹಟ ಹಿಡಿದಳು. ಮಕ್ಕಳು ಎಕ್ಸ್‌-ರೇ ಇಲ್ಲದೆ ವಾಪಸಾಗತೊಡಗಿದಾಗ ಹಗುರ ಏಪ್ರನ್ ಎಕ್ಸ್‌-ರೇ ಕೋಣೆಗೆ ಬಂತು. ಸುಮಿತ್ರಮ್ಮನನ್ನು ಮಾತ್ರ ಯಾರೂ ಮತ್ತೆ ಕರೆಯಲಿಲ್ಲ. ಆಕೆ ಕೆಲಸ ಬಿಟ್ಟು ಜಯಪುರದ ಅಂಗನವಾಡಿಯೊಂದಕ್ಕೆ ಸಹಾಯಕಿಯಾಗಿ ಸೇರಿದರು.

"ಕೊನೆಗೂ ನೀವೇ ಗೆದ್ರಲ್ಲ" ಎಂದು ಯಾರಾದರೂ ಹೇಳಿದರೆ ಆಕೆಗೆ ಇವತ್ತಿಗೂ ಸಿಟ್ಟು ಬರುತ್ತದೆ.

"ಎಂತ ಗೆದ್ದಿದ್ದು? ಗೊತ್ತಿದ್ದೂ ಒಂದು ವರ್ಷ ನನ್ನ ಅಲ್ಲಿ ನಿಲ್ಲಿಸಿದ್ರಲ್ಲ, ಅದಕ್ಕೆ ಯಾರೂ ತಪ್ಪಾಯ್ತು ಅಂತ ಒಂದು ಮಾತು ಹೇಳಲಿಲ್ಲ ಮಾರಾಯ್ರೆ."