ಸೀಸದ ಗೌಟಿಗೆ ಬೇರೆ ನಂಬರು

ನನ್ನ ಷಡ್ಡಕನಿಗೆ ಮನುಷ್ಯರ ಹೆಸರು ನೆನಪಿರುವುದಿಲ್ಲ, ಕಾಯಿಲೆಯ ನಂಬರು ಮರೆಯುವುದಿಲ್ಲ. ದೊಡ್ಡ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ಅವನ ಕೆಲಸ. ಡಾಕ್ಟರು ಬರೆದ ಪ್ರತಿ ಕಾಯಿಲೆಗೂ ಸರಿಯಾದ ನಂಬರು ಹುಡುಕಿ ಕಂಪ್ಯೂಟರಿಗೆ ಹಾಕಬೇಕು. ಆ ನಂಬರು ನೋಡಿಯೇ ವಿಮೆಯವರು, ಕಾರ್ಖಾನೆಯವರು ರೋಗಿಯ ಹಣೆಬರಹ ತೀರ್ಮಾನಿಸುವುದು. ರೋಗಿಯ ಮುಖವನ್ನು ಅವರ್ಯಾರೂ ನೋಡುವುದಿಲ್ಲ, ಇವನೂ ನೋಡುವುದಿಲ್ಲ. ಮನೆಯಲ್ಲಿ ನಾವೆಲ್ಲ ಅವನನ್ನು ನಂಬರಣ್ಣ ಎನ್ನುತ್ತೇವೆ. ನಮ್ಮ ಮಾವನವರು ಬಚ್ಚಲಲ್ಲಿ ಜಾರಿ ಬಿದ್ದಾಗ ಎಲ್ಲರೂ ಎತ್ತಲು ಓಡಿದರೆ, ಇವನು ಬಾಗಿಲಲ್ಲಿ ನಿಂತು, "ಬಚ್ಚಲಲ್ಲಿ ಬಿದ್ದಿದ್ದಕ್ಕೇ ಬೇರೆ ನಂಬರಿದೆ, ಗೊತ್ತಾ?" ಎಂದ ಮಹಾನುಭಾವ.

ಅವನ ಆಫೀಸಿನಲ್ಲಿ ಒಂದು ಪದ್ಧತಿಯಿತ್ತು. ಒಂದೊಂದು ಕಾಯಿಲೆಯ ಪಟ್ಟಿಯ ಕೊನೆಗೂ 'ಕಾರಣ ನಮೂದಿಸಿಲ್ಲ' ಎಂಬ ನಂಬರೊಂದು ಇರುತ್ತದೆ. ಅದನ್ನು ಹಾಕಿಬಿಟ್ಟರೆ ಯಾರೂ ಏನೂ ಕೇಳುವುದಿಲ್ಲ, ಫೈಲು ಸಲೀಸಾಗಿ ಮುಂದೆ ಹೋಗುತ್ತದೆ. ಬೇರೆ ನಂಬರು ಬೇಕೆಂದರೆ ಮೇಲಿನ ಮಹಡಿಗೆ ಹೋಗಿ ಡಾಕ್ಟರನ್ನು ಕೇಳಬೇಕು, ಅವರ ಕೈಲಿ ಬೈಸಿಕೊಳ್ಳಬೇಕು. ನಂಬರಣ್ಣ ಮೆಟ್ಟಿಲು ಹತ್ತುವ ಪೈಕಿಯಲ್ಲ. ಎಲ್ಲರಿಗಿಂತ ಬೇಗ ಫೈಲು ಮುಗಿಸುತ್ತಾನೆಂದು ಸಾಹೇಬರು ಬೆನ್ನು ತಟ್ಟಿ ಒಂದು ಗೋಡೆ ಗಡಿಯಾರ ಕೊಟ್ಟಿದ್ದರು. ಮನೆಗೆ ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದ. ನನಗಂತೂ ನೋಡಿ ನೋಡಿ ಸಾಕಾಗಿತ್ತು.

ಹೀಗಿರುವಾಗ ನಮ್ಮಿಬ್ಬರ ಬಾಮೈದನಿಗೆ, ಅಂದರೆ ನಮ್ಮ ಹೆಂಡಂದಿರ ತಮ್ಮನಿಗೆ, ಎಡಗಾಲಿನ ಹೆಬ್ಬೆರಳು ಬದನೆಕಾಯಿಯಂತೆ ಊದಿಕೊಂಡಿತು. ಹೊದಿಕೆ ತಾಗಿದರೂ ಚೀರುತ್ತಿದ್ದ. ಹಳೇ ಬ್ಯಾಟರಿ ಒಡೆದು ಒಳಗಿನ ಸೀಸ ಕರಗಿಸುವ ಕಾರ್ಖಾನೆಯಲ್ಲಿ ಅವನು ಕುಲುಮೆಯ ಮುಂದೆ ನಿಲ್ಲುವವನು. ಕಾರ್ಖಾನೆಯವರೆಲ್ಲ ಹೋಗುವುದು ನಂಬರಣ್ಣನ ಆಸ್ಪತ್ರೆಗೇ. ಅಲ್ಲಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಎರಡು ಸಾಲು ಗೀಚಿದರು: ಗೌಟ್. ರಕ್ತದಲ್ಲಿ ಸೀಸ ಜಾಸ್ತಿ.

ಗೌಟ್ ಅಂದರೆ ಕೀಲು ಊದಿ ನೋಯುವ ವಾತ. ಮಾಮೂಲಿ ಗೌಟಿಗೆ ಒಂದು ನಂಬರು, ಸೀಸದಿಂದ ಬಂದ ಗೌಟಿಗೆ ಬೇರೆ ನಂಬರು. ಸೀಸದ್ದಾದರೆ ಆ ಆಳನ್ನು ಕುಲುಮೆಯ ಹತ್ತಿರ ಬಿಡಬಾರದೆಂದು ಕಾರ್ಖಾನೆಯ ನಿಯಮ. ಮಾಮೂಲಿಯದಾದರೆ ಮಾತ್ರೆ ನುಂಗಿ ಸೋಮವಾರ ಕುಲುಮೆಗೇ ಹಾಜರಾಗಬೇಕು. ಅಲ್ಲೇ ನಿಂತರೆ ಕಿಡ್ನಿಯೂ ಹೋಗುತ್ತದೆ ಎಂದು ಡಾಕ್ಟರು ಬಾಯಲ್ಲಿ ಹೇಳಿದ್ದರು. ಬಾಯಲ್ಲಿ ಹೇಳಿದ್ದಕ್ಕೆ ನಂಬರಿಲ್ಲ.

"ಹಾಕ್ಬಿಡಿ ಭಾವ, ನಿಮ್ಮ ಕೈಯಲ್ಲೇ ಇದೆಯಲ್ಲ," ಎಂದ ಬಾಮೈದ, ನಂಬರಣ್ಣನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಾಗ.

"ಹಾಗೆಲ್ಲ ಹಾಕೋಕಾಗಲ್ಲಪ್ಪ. ಗೌಟ್ ಇದೆ ಅಂತ ಬರ್ದಿದಾರೆ, ಸೀಸ ಇದೆ ಅಂತಾನೂ ಬರ್ದಿದಾರೆ. ಅದ್ರಿಂದಾನೇ ಇದು ಬಂತು ಅಂತ ಹೇಳಿಲ್ಲ. ನಾನಾಗಿ ಗಂಟು ಹಾಕಿದ್ರೆ ನನ್ ಕೆಲಸ ಹೋಗುತ್ತೆ," ಎಂದ ನಂಬರಣ್ಣ.

"ಮತ್ತೆ ಸೀಸ ಎಲ್ಲಿಂದ ಬಂತು? ಬಳುವಳಿ ಬಂತಾ?" ಎಂದು ನಾನು ರೇಗಿದೆ.

ನಂಬರಣ್ಣನ ಹೆಂಡತಿ ಗಡಿಯಾರವನ್ನು ಗೋಡೆಯಿಂದ ಇಳಿಸಿ, ಅವನ ಖಾಲಿ ತಟ್ಟೆಯ ಮೇಲಿಟ್ಟು, "ಇದನ್ನೇ ಉಣ್ಣಿ" ಎಂದು ಒಳಗೆ ಹೋದಳು.

ಮರುದಿನ ನಂಬರಣ್ಣ ಮೆಟ್ಟಿಲು ಹತ್ತಿದ. ಕೊಠಡಿಯ ಮುಂದೆ ರೋಗಿಗಳು ಕಿಕ್ಕಿರಿದಿದ್ದರು. ಡಾಕ್ಟರು ಫೈಲು ನೋಡಿ ಮುಖ ಸಿಂಡರಿಸಿದರು.

"ಏನ್ರೀ, ಗೌಟ್ ಅಂದ್ರೆ ಗೌಟು. ಯಾವ್ದಾದ್ರೂ ಮಾತ್ರೆ ಒಂದೇ."

"ಮಾತ್ರೆ ಒಂದೇ ಸಾರ್, ನಂಬರ್ ಬೇರೆ. ಯಾವ ಕಾಲು ಅಂತಾನೂ ಬರೆದಿಲ್ಲ ನೀವು."

"ಯಾವ ಕಾಲಾದ್ರೇನ್ರೀ? ಎರಡೂ ಅವನದ್ದೇ ತಾನೆ?"

"ಎಡಗಾಲಿಗೆ ಒಂದು, ಬಲಗಾಲಿಗೆ ಇನ್ನೊಂದು ಸಾರ್."

ಇವನನ್ನು ಸಾಗಹಾಕಿದರೆ ಸಾಕೆಂದು ಡಾಕ್ಟರು ಬರೆದುಕೊಟ್ಟರು. ಮೊದಲು ಸೀಸದ ವಿಷಕ್ಕೆ ಒಂದು ನಂಬರು, ಆಮೇಲೆ ಸೀಸದ ಗೌಟಿನದು, ಅದೂ ಎಡಗಾಲಿನದು. ಅವತ್ತು ಮನೆಗೆ ಬಂದ ಅವನ ಠೀವಿ ನೋಡಬೇಕಿತ್ತು, ತಾನೇ ಆಪರೇಷನ್ ಮಾಡಿ ಬಂದವನ ಹಾಗೆ. ಸದಾ ಅವನ ಕಾಲೆಳೆಯುವ ನನಗೂ ಆ ದಿನ ಅವನ ಮೇಲೆ ನಿಜವಾಗಿ ಪ್ರೀತಿ ಬಂತು.

ಸೋಮವಾರ ಬಾಮೈದನನ್ನು ಕುಲುಮೆಯಿಂದ ಬಿಡಿಸಿ ಗೇಟು ಕಾಯಲು ಹಾಕಿದರು. ಸಂಜೆ ಕುಂಟುತ್ತ ಬಂದವನನ್ನು ಅಕ್ಕಂದಿರಿಬ್ಬರೂ ಕೂರಿಸಿ ಬಡಿಸಿದರು. ಅವನ ಮುಖ ಮಾತ್ರ ಅರಳಲಿಲ್ಲ.

"ಗೇಟಲ್ಲಿದ್ದ ಉದ್ದಣ್ಣನ್ನ ನನ್ ಜಾಗಕ್ಕೆ ಹಾಕಿದ್ರು. ಮೊದ್ಲು ಅವನೂ ಕುಲುಮೇಲೇ ಇದ್ದವ್ನು. ಕಾಲು ಊದ್ಕೊಂಡು, ಅವರಿವರ ಕಾಲು ಹಿಡಿದು ಗೇಟಿಗೆ ಬಂದಿದ್ದ."

"ಅವನಿಗೂ ಅದೇ ಕಾಯಿಲೆ ತಾನೆ? ವಾಪಸ್ ಹೇಗೆ ಹಾಕಿದ್ರು?" ಎಂದೆ ನಾನು.

"ಅವನ ನಂಬರಲ್ಲಿ ಸೀಸ ಇಲ್ವಂತೆ. ಕಾರಣ ನಮೂದಿಸಿಲ್ಲ ಅಂತಿದೆಯಂತೆ."

ಆ ಫೈಲು ಯಾರ ಕೈ ದಾಟಿ ಹೋಗಿತ್ತೆಂದು ಯಾರೂ ಕೇಳಲಿಲ್ಲ. ನಾವೆಲ್ಲ ನಮ್ಮ ನಮ್ಮ ತಟ್ಟೆ ನೋಡಿಕೊಂಡು ಉಂಡೆವು. ನಂಬರಣ್ಣ ಕಲಸಿದ ಅನ್ನವನ್ನು ತಟ್ಟೆಯಲ್ಲೇ ಬಿಟ್ಟು ಕೈ ತೊಳೆದು ಎದ್ದುಹೋದ. ನನಗೆ ಅವನನ್ನು ನೋಡಿ ಸಂಕಟವಾಯಿತು, ಸಿಟ್ಟೂ ಬಂತು.

ಮರುದಿನ ಅವನು ಕಂಕುಳಲ್ಲಿ ಹಳೆಯ ಫೈಲುಗಳ ಕಟ್ಟು ಇಟ್ಟುಕೊಂಡು ಮತ್ತೆ ಮೇಲೆ ಹೋದನಂತೆ. ಎಲ್ಲವೂ ಅದೇ ಕಾರ್ಖಾನೆಯವರವು. ಮೊದಲನೆಯದು ಉದ್ದಣ್ಣನದು. ಡಾಕ್ಟರು ಒಂದೊಂದನ್ನೇ ಮಗುಚಿ, ತಲೆಯೆತ್ತಿ ಕೇಳಿದರಂತೆ:

"ಇಷ್ಟೊಂದು ಜನಾನಾ? ಇವ್ರೆಲ್ಲ ನಿಮಗೆ ಏನಾಗ್ಬೇಕ್ರೀ?"

"ಬಾಮೈದಂದಿರು ಸಾರ್," ಎಂದನಂತೆ ನಂಬರಣ್ಣ.