ಮುಚ್ಚುವ ಮುನ್ನ ಮೊದಲ ಪುಟ

ಸೊಗಡಿನ ಅವರೆಕಾಯಿಯ ವಾಸನೆ ಬೆರಳಿಗೆ ಹತ್ತಿದರೆ ಸೋಪು ಹಾಕಿ ತೊಳೆದರೂ ಮರುದಿನದವರೆಗೆ ಹೋಗುವುದಿಲ್ಲ. ಚಳಿಗಾಲದ ಸಂತೆಯಲ್ಲಿ ಆ ರಾಶಿಯ ಮುಂದೆ ನಿಂತಾಗಲೆಲ್ಲ ಮತ್ತಿಗಿರಿಯ ನಮ್ಮ ಬಾಡಿಗೆ ಮನೆಯ ಪಡಸಾಲೆ ಕಣ್ಣಮುಂದೆ ಬರುತ್ತದೆ. ನಡುವೆ ನೆನೆಸಿದ ಕಾಳಿನ ಪಾತ್ರೆ. ಸುತ್ತ ಅಜ್ಜಿ, ಅಜ್ಜಿಯ ಮಗಳು ರತ್ನತ್ತೆ, ಪಕ್ಕದ ಮನೆಯ ಸೆಲ್ವಿ ಅಕ್ಕ. ಕಾಳನ್ನು ಎರಡು ಬೆರಳ ನಡುವೆ ಹಿತುಕಿದರೆ ಬೇಳೆ ಪುಳಕ್ಕನೆ ತಟ್ಟೆಗೆ ಜಿಗಿಯುತ್ತಿತ್ತು, ಸಿಪ್ಪೆ ಬೆರಳಲ್ಲೇ ಉಳಿಯುತ್ತಿತ್ತು. ರತ್ನತ್ತೆಯ ಬೆರಳುಗಳು ಎಲ್ಲರಿಗಿಂತ ಚುರುಕು. ಬಾಗಲೂರಿನ ಗಂಡನ ಮನೆಯನ್ನು ಬಿಟ್ಟುಬಂದು ಸೆಲ್ವಿ ಅಕ್ಕನ ಜೊತೆ ಗ್ರಾನೈಟ್ ಪಾಲಿಶ್ ಮಾಡುವ ಕಡೆ ದುಡಿಯುತ್ತಿದ್ದಳು. ಸಂಜೆ ಮನೆ ಸೇರುವಾಗ ಅವಳ ರೆಪ್ಪೆಗಳ ಮೇಲೂ ಬಿಳಿಯ ಪುಡಿ ಕೂತಿರುತ್ತಿತ್ತು.

ಕೈಗೆ ಕೆಲಸವಿದ್ದು ಕಿವಿ ಖಾಲಿಯಿದ್ದ ಆ ಸಂಜೆಗಳಲ್ಲಿ ನಾನು ಓದುತ್ತಿದ್ದೆ. ಒಂಬತ್ತನೆಯ ತರಗತಿಯಲ್ಲಿ ಭಾಷಣಕ್ಕೆ ಬಹುಮಾನವಾಗಿ ಒಂದು ಇಂಗ್ಲಿಷ್ ಕಾದಂಬರಿ ಬಂದಿತ್ತು. ದೇಶದೇಶಗಳಲ್ಲಿ ನನ್ನ ವಯಸ್ಸಿನವರು ಬಹುಕಾಲದಿಂದ ಓದುತ್ತ ಬಂದ ಪುಸ್ತಕವೆಂದು ಟೀಚರು ಹೇಳಿದ್ದರು. ಮಧ್ಯಾಹ್ನ ನಿಘಂಟು ಹಿಡಿದು ಅರ್ಥ ಮಾಡಿಕೊಂಡದ್ದನ್ನು ಸಂಜೆ ಪುಸ್ತಕ ಬಿಡಿಸಿಟ್ಟುಕೊಂಡು ಕನ್ನಡದಲ್ಲಿ ಹೇಳುತ್ತಿದ್ದೆ. ಅದೊಂದು ಎತ್ತರದ ಗೋಡೆಯ ನಗರ. ದುಡಿಯಬಲ್ಲ ಪ್ರತಿಯೊಬ್ಬರ ಹೆಸರಿನಲ್ಲೂ ಕಿಟಕಿಯಲ್ಲೊಂದು ದೀಪ. ಕೆಲಸಕ್ಕಾಗದವರ ದೀಪವನ್ನು ಆರಿಸಿ ಅವರನ್ನು ಗೋಡೆಯಾಚೆಗೆ ಕಳಿಸುತ್ತಾರೆ, ಹೋದವರು ಮರಳುವುದಿಲ್ಲ. ಕೆಮ್ಮುವ ಅಕ್ಕನನ್ನು ತಂಗಿಯೊಬ್ಬಳು ಮನೆಯಲ್ಲಿ ಬಚ್ಚಿಟ್ಟು, ಅವಳ ದೀಪಕ್ಕೆ ತನ್ನ ಪಾಲಿನ ಎಣ್ಣೆ ಹಾಕುತ್ತಾಳೆ.

"ನಮ್ ಸೂಪರ್‌ವೈಸರ್ ಆ ಊರಿಂದ್ಲೇ ಬಂದಿರ್ಬೇಕು ಪಾಟಿ. ಯಾರಾನಾ ಕೆಮ್ಮಿದ್ರೆ ಸಾಕು, ಗೇಟ್ ತೋರಿಸ್ತಾನೆ," ಎಂದು ಸೆಲ್ವಿ ಅಕ್ಕ ಅಜ್ಜಿಗೆ ಹೇಳಿ ನಕ್ಕಳು. ರತ್ನತ್ತೆ ನಗಲಿಲ್ಲ. ಕೆಲಸದ ನಡುವೆ ಅವಳಿಗೆ ಕೆಮ್ಮು ಬಂದಾಗಲೆಲ್ಲ ಸೆಲ್ವಿ ಅಕ್ಕನೇ ಯಂತ್ರ ಚಾಲೂ ಮಾಡಿ ಆ ಸದ್ದನ್ನು ಮುಚ್ಚುತ್ತಾಳೆಂಬುದು ನಮಗೆಲ್ಲ ಗೊತ್ತಿತ್ತು. ಆ ಕೆಲಸ ತಪ್ಪಿದರೆ ಅವಳಿಗೆ ಉಳಿಯುತ್ತಿದ್ದುದು ಬಾಗಲೂರಿನ ಆ ಮನೆಯೊಂದೇ. "ಒಂದ್ ಚೂರು ಬೆಲ್ಲ ಬಾಯಲ್ಲಿಟ್ಕಂಡ್ರೆ ಕೆಮ್ಮು ತಡೀತದೆ. ಅಷ್ಟು ಹೇಳೋರಿಲ್ವಾ ಆ ಹುಡ್ಗೀಗೆ?" ಎಂದಳು ರತ್ನತ್ತೆ. ಅವಳ ಸೆರಗಿನ ಗಂಟಿನಲ್ಲಿ ಯಾವಾಗಲೂ ಬೆಲ್ಲವಿರುತ್ತಿತ್ತು. ಕಲ್ಲಿನ ಪುಡಿಯನ್ನು ಬೆಲ್ಲ ಇಳಿಸುತ್ತದೆಂದು ಅಲ್ಲಿ ದುಡಿಯುವ ಎಲ್ಲರೂ ನಂಬಿದ್ದರು.

ಓದಿಗೆ ಅಜ್ಜಿಯದೊಂದು ಕಟ್ಟಳೆಯಿತ್ತು. ತಾತ ಬದುಕಿದ್ದಾಗ ಊರಿನಲ್ಲಿ ಭಾರತ ಓದುತ್ತಿದ್ದರಂತೆ. ಕಥೆಯಲ್ಲಿ ಯಾರಾದರೂ ಸತ್ತ ಕಡೆ ಓದು ನಿಲ್ಲಿಸುವಂತಿರಲಿಲ್ಲ. ಮುಂದೊಂದು ಹುಟ್ಟೋ ಮದುವೆಯೋ ಬಂದ ಮೇಲೆಯೇ ಪುಸ್ತಕ ಮುಚ್ಚಬೇಕು. "ಸಾವಿನ ಮ್ಯಾಲೆ ಮುಚ್ಚಬ್ಯಾಡ ಕಣಮ್ಮಿ, ಮನೆಗಾಗಲ್ಲ. ಒಳ್ಳೇದೊಂದು ಬರೋಗಂಟ ಓದು," ಎನ್ನುತ್ತಿದ್ದಳು. ಆ ಕಾದಂಬರಿಯಲ್ಲಿ ಒಳ್ಳೆಯದನ್ನು ಹುಡುಕುವುದು ಸುಲಭವಿರಲಿಲ್ಲ. ಬಿಸಿ ಗಂಜಿ ಕುಡಿದರು, ಬಿಸಿಲು ಬಂತು ಎಂಬ ಸಾಲು ಸಿಕ್ಕರೂ ಅಜ್ಜಿಗೆ ತೋರಿಸಿ ಮುಚ್ಚುತ್ತಿದ್ದೆ.

ಅವರೆಯ ಕಾಲ ಮುಗಿಯುವಾಗ ಪುಸ್ತಕವೂ ಮುಗಿಯಿತು. ಕಡೆಯ ಪುಟದಲ್ಲಿ ಅಕ್ಕ ಸತ್ತಳು, ದೀಪ ಆರಿತು. ಅದರಾಚೆಗೆ ಬರಿಯ ರಟ್ಟು. ಪಾತ್ರೆಯ ಸುತ್ತ ಯಾರ ಕೈಯೂ ಆಡಲಿಲ್ಲ. "ಮುಂದಕ್ಕೆ?" ಎಂದಳು ಅಜ್ಜಿ. ಏನೂ ಇಲ್ಲವೆಂದೆ. "ಏನೂ ಇಲ್ವಾ! ಬರ್ದೋನ ಬಾಯ್ಗೆ ಮಣ್ಣಾಕ! ಮಕ್ಳು ಓದೋ ಪುಸ್ತ್ಕನಾ ಇದು?" ಪುಸ್ತಕವನ್ನು ಮುಚ್ಚಲಾರದೆ ಹಿಡಿದುಕೊಂಡೇ ಕೂತಿದ್ದೆ. ರತ್ನತ್ತೆ ಸೆರಗಿನಲ್ಲಿ ಬಾಯಿ ಒತ್ತಿ ಕೆಮ್ಮಿ, ಉಸಿರು ಮರಳಿದ ಮೇಲೆ ಹೇಳಿದಳು: "ಮೊದ್ಲನೇ ಪುಟ ತಿರ್ಗಾ ಓದಿ ಮುಚ್ಚಮ್ಮಿ. ಅಲ್ಲಿ ಅವ್ಳು ಬದ್ಕೇ ಅವ್ಳಲ್ವಾ."

ಓದಿದೆ. ಅಕ್ಕತಂಗಿಯರು ಕಿಟಕಿಯಲ್ಲಿ ಕೂತು ಒಬ್ಬರ ತಲೆ ಒಬ್ಬರು ಬಾಚುತ್ತಿದ್ದರು. ಅಜ್ಜಿ ತಲೆಯಾಡಿಸಿದಳು, ಮುಚ್ಚಿದೆ.

ಬೇಸಿಗೆಯಲ್ಲಿ ಯಂತ್ರದ ಸದ್ದಿಗೂ ಮೀರಿ ಕೆಮ್ಮು ಕೇಳಿಸಿತು. ರತ್ನತ್ತೆಗೆ ಗೇಟು ತೋರಿಸಿದರು. ಬಾಗಲೂರಿಗೆ ಮಾತ್ರ ಅಜ್ಜಿ ಅವಳನ್ನು ಕಳಿಸಲಿಲ್ಲ. ಕಿಟಕಿಯ ಬಳಿ ಚಾಪೆ ಹಾಕಿಕೊಟ್ಟಳು. ಡಾಕ್ಟರು ಪುಪ್ಪುಸದೊಳಗೆ ಕಲ್ಲಿನ ಪುಡಿ ಕಟ್ಟಿದೆಯೆಂದರು. ಅದು ಇಳಿಯುವುದಿಲ್ಲವೆಂದು ತಿಳಿದ ಮೇಲೂ ಸೆಲ್ವಿ ಅಕ್ಕ ಬೆಲ್ಲ ತಂದು ಕೊಡುತ್ತಿದ್ದಳು. ಅವರೆ ಮತ್ತೆ ಹೂ ಬಿಡುವ ಹೊತ್ತಿಗೆ ರತ್ನತ್ತೆ ಹೋದಳು. ತಿಥಿ ಮುಗಿದ ಸಂಜೆ ಅಜ್ಜಿ ಆ ಪುಸ್ತಕವನ್ನು ತಾನೇ ತಂದು ನನ್ನ ತೊಡೆಯ ಮೇಲಿಟ್ಟಳು. "ಮೊದ್ಲನೇ ಪುಟ," ಎಂದಳು, ಅಷ್ಟೆ.

ಮುಂದೆ ಕೃಷ್ಣಗಿರಿಯ ಕಾಲೇಜಿನಲ್ಲಿ, ಇಂಥ ಕಾದಂಬರಿಗಳು ಬರಲಿರುವ ಕಾಲದ ಕುರಿತ ಎಚ್ಚರಿಕೆಗಳೆಂದು ಕಲಿತೆ. ನಮ್ಮ ಮನೆಯಲ್ಲಿ ಪದವಿ ಪಡೆದ ಮೊದಲಿಗಳಾದ್ದರಿಂದ ತಪ್ಪಾದೀತೆಂಬ ಭಯದಲ್ಲಿ, ಕಲಿಸಿದಂತೆಯೇ ಉತ್ತರ ಬರೆದೆ. ಆದರೆ ನಮ್ಮ ಪಡಸಾಲೆಯಲ್ಲಿ ಯಾರೂ ಅದನ್ನು ಎಚ್ಚರಿಕೆಯೆಂದು ಕೇಳಿರಲಿಲ್ಲ. ಪಕ್ಕದೂರಿನ ಸುದ್ದಿಯೆಂಬಂತೆ ಕೇಳಿದ್ದರು. ಈಗ ಅಜ್ಜಿಯೂ ಇಲ್ಲ. ಆ ಮನೆಯ ಜಾಗದಲ್ಲಿ ಅಂಗಡಿಗಳ ಸಾಲು ಎದ್ದಿದೆ. ಸೆಲ್ವಿ ಅಕ್ಕ ಎಲ್ಲಿರುವಳೋ ತಿಳಿಯದು.

ಇಲ್ಲಿಗೆ ಮುಚ್ಚುವಂತಿಲ್ಲ. ನಡುವೆ ನೆನೆಸಿದ ಕಾಳಿನ ಪಾತ್ರೆ. ಸುತ್ತ ಅಜ್ಜಿ, ಸೆಲ್ವಿ ಅಕ್ಕ, ರತ್ನತ್ತೆ. ರತ್ನತ್ತೆಯ ಬೆರಳುಗಳು ಎಲ್ಲರಿಗಿಂತ ಚುರುಕು.