ಪೆಟ್ಟಿಗೆ ಟೀಚರಮ್ಮ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕ್ವಿಲ್ ಕೂಲಿ ಎಂಬ ಊರಿನ ಗ್ರಂಥಾಲಯದ ಹಿಂಬಾಗಿಲಿನ ಬೀಗ ಚಳಿಗೆ ಕಚ್ಚಿಕೊಂಡಿದೆ. ಮಾರ್ಲಿಸ್ ಬ್ರೆಕ್ಕೆ ಕೈಗವಸು ಬಿಚ್ಚಿ, ಬೀಗದ ಕೈಯನ್ನು ಬಾಯಿಯ ಹತ್ತಿರ ಹಿಡಿದು ಉಸಿರು ಊದಿ ಬಿಸಿ ಮಾಡುತ್ತಾರೆ. ಮತ್ತೆ ಒಳಗೆ ತೂರಿಸಿ ತಿರುಗಿಸಿದರೆ ಬಾಗಿಲು ಗೊಣಗುತ್ತಾ ತೆರೆದುಕೊಳ್ಳುತ್ತದೆ. ನೆಲಮಾಳಿಗೆಗೆ ಇಳಿಯುವ ಮೆಟ್ಟಿಲಿನಲ್ಲಿ ಅವರ ಎಡಮೊಣಕಾಲು ಒಂದೊಂದು ಹೆಜ್ಜೆಗೂ ಮುಷ್ಕರ ಹೂಡುತ್ತದೆ. ಕೆಳಗೆ ಒಂದು ಮೇಜು, ಒಂದು ದೀಪ, ಒಂದು ಕಂಪ್ಯೂಟರ್, ಮೇಲಕ್ಕೆ ಸುರುಳಿ ಸುತ್ತಿಕೊಳ್ಳುವುದನ್ನು ಎಂದೋ ಬಿಟ್ಟಿರುವ ಅಮೆರಿಕದ ನಕ್ಷೆ. ಮೊದಲು ಕಾಫಿ, ಆಮೇಲೆ ಇತಿಹಾಸ.

ಮಾರ್ಲಿಸ್ ಅವರ ಮನೆ ಇರುವುದು ಗುಡ್ಡದಾಚೆಯ ರ‍್ಯಾಂಚಿನಲ್ಲಿ. ಅಲ್ಲಿಗೆ ಇಂಟರ್ನೆಟ್ ಬರುತ್ತದೆಂದು ಮೂರು ಚುನಾವಣೆಗಳಿಂದ ಭರವಸೆ ಮಾತ್ರ ಬರುತ್ತಿದೆ. ಹಾಗಾಗಿ ದಿನವೂ ಪಿಕಪ್ ಓಡಿಸಿಕೊಂಡು ಇಲ್ಲಿಗೆ ಬಂದು, ಏಳು ಪುಟ್ಟ ಶಾಲೆಗಳ ಏಳು-ಎಂಟನೇ ತರಗತಿಯ ಮಕ್ಕಳಿಗೆ ಪರದೆಯ ಮೇಲೆ ಅಮೆರಿಕದ ಇತಿಹಾಸ ಕಲಿಸುತ್ತಾರೆ. ಮೊಂಟಾನಾದ ನಮ್ಮ ಈ ಮೂಲೆಯಲ್ಲಿ ಒಂದೊಂದು ಶಾಲೆಗೂ ಒಬ್ಬೊಬ್ಬ ಇತಿಹಾಸದ ಟೀಚರನ್ನು ಇಡುವಷ್ಟು ಮಕ್ಕಳಿಲ್ಲ. ಹಿಮ ಜಾಸ್ತಿಯಾದ ದಿನ ಮಕ್ಕಳು ಅಡುಗೆಮನೆಯ ಮೇಜಿನಿಂದಲೇ ಪಾಠಕ್ಕೆ ಸೇರುತ್ತಾರೆ. ಅವರಲ್ಲಿ ಹೆಚ್ಚಿನವರನ್ನು ಮಾರ್ಲಿಸ್ ಎದುರುಬದುರಾಗಿ ಕಂಡೇ ಇಲ್ಲ.

ಎಂಟು ಗಂಟೆಗೆ ತರಗತಿ ಶುರುವಾದರೆ ಕಿವಿ ಮುಚ್ಚಿಕೊಳ್ಳಬೇಕು. ಒಬ್ಬನ ಹಿಂದೆ ನಾಯಿ ಬೊಗಳುತ್ತಿದೆ. ಇನ್ನೊಬ್ಬಳು ಕುರಿಮರಿಗೆ ಬಾಟಲಿಯಲ್ಲಿ ಹಾಲು ಕುಡಿಸುತ್ತಾ ಹಾಜರಿ ಹೇಳುತ್ತಾಳೆ. ಯಾರದೋ ಮನೆಯಲ್ಲಿ ಯಾರಿಗೋ ಶೂ ಸಿಗುತ್ತಿಲ್ಲ. ಬೇರೆ ಟೀಚರುಗಳು ಮಾಡುವಂತೆ ಒಂದು ಗುಂಡಿ ಒತ್ತಿ ಎಲ್ಲರ ಮೈಕನ್ನೂ ಮುಚ್ಚಿದರೆ ಈ ಸಂತೆ ಕ್ಷಣದಲ್ಲಿ ಅಡಗುತ್ತದೆ. ಮಾರ್ಲಿಸ್ ಅದನ್ನು ಮುಟ್ಟುವುದಿಲ್ಲ. ಇವರ ಪಾಠದ ರೆಕಾರ್ಡಿಂಗ್ ಜಾನುವಾರು ಹರಾಜಿನ ಹಾಗೆ ಕೇಳಿಸುತ್ತದೆ ಎಂದು ಜಿಲ್ಲಾ ಕಚೇರಿಯ ಕಂಪ್ಯೂಟರ್ ಹುಡುಗ ದೂರು ಕೊಟ್ಟಿದ್ದಾನೆ. ಹರಾಜಿನಲ್ಲಿ ಕನಿಷ್ಠ ಕೈ ಎತ್ತಿದವನ ಮಾತು ಕೇಳುತ್ತಾರಲ್ಲ ಎಂದು ಇವರು ಅವನಿಗೆ ಹೇಳಿ ಕಳಿಸಿದರಂತೆ.

ಆ ಗುಂಡಿಯ ಕಥೆಗೆ ಆರು ವರ್ಷ.

ಅದನ್ನು ಹೇಳುವ ಮೊದಲು ಪೆಟ್ಟಿಗೆಯ ವಿಷಯ ಹೇಳಬೇಕು. ಐದು ವರ್ಷ ಉತ್ತು ತೋರಿಸಿದವನಿಗೆ ಸರ್ಕಾರ ಪುಕ್ಕಟೆಯಾಗಿ ಭೂಮಿ ಬರೆದುಕೊಡುತ್ತಿದ್ದ ಕಾಲದಲ್ಲಿ ಮಾರ್ಲಿಸ್ ಅವರ ಮುತ್ತಜ್ಜ ನಾರ್ವೆಯಿಂದ ಬಂದರು. ಜೊತೆಗೆ ಬಂದದ್ದು ನೀಲಿ ಬಣ್ಣದ, ಕೆಂಪು ಹೂ ಬರೆದ ಒಂದು ಮರದ ಪೆಟ್ಟಿಗೆ. ಇಂಥ ಪೆಟ್ಟಿಗೆಯೋ ನೇಗಿಲೋ ಗಡಿಯಾರವೋ ನಮ್ಮಲ್ಲಿ ಪ್ರತಿ ಮನೆಯಲ್ಲೂ ಇದೆ. ಅದರ ಮೇಲೆ ಯಾರಾದರೂ ಕಾಫಿ ಲೋಟ ಇಟ್ಟರೆ ದೊಡ್ಡವರ ಮುಖ ಗಂಟಾಗುತ್ತದೆ. ಕ್ವಿಲ್ ಕೂಲಿಯ ಶಾಲೆ ಮುಚ್ಚುವವರೆಗೂ ಮಾರ್ಲಿಸ್ ಅಲ್ಲಿನ ತರಗತಿಯಲ್ಲಿ ಪ್ರತಿ ವರ್ಷ ‘ತಂದ ಸಾಮಾನಿನ ದಿನ’ ನಡೆಸುತ್ತಿದ್ದರು. ನಿಮ್ಮ ಮನೆತನ ಈ ನೆಲಕ್ಕೆ ಎಲ್ಲಿಂದ ಬಂತು, ಬರುವಾಗ ಏನು ತಂದಿತು ಎಂಬುದನ್ನು ಮಕ್ಕಳು ತೋರಿಸಬೇಕು. ಅಪ್ಪ ಅಮ್ಮಂದಿರಿಗೆ ಅದು ಹಬ್ಬ. ಪರದೆಯ ಪಾಠ ಬಂದಾಗ ಆ ದಿನವೂ ಪರದೆಗೇ ಬಂತು.

ಆರು ವರ್ಷದ ಹಿಂದೆ ತರಗತಿಗೆ ಹೊಸದಾಗಿ ಸೇರಿದವಳು ಶೇನಾ ಆರ್ಚ್‌ಡೇಲ್. ಇಲ್ಲಿನ ಮೂಲನಿವಾಸಿಗಳಾದ ಅಸಿನಿಬೊಯಿನ್ ಜನರ ಮೀಸಲು ನೆಲದ ಹುಡುಗಿ, ವಯಸ್ಸು ಹದಿಮೂರು, ಅಜ್ಜಿಯ ಮನೆಯ ಕಿಟಕಿಯ ಪಕ್ಕ ಕೂತು ಪಾಠ ಕೇಳುತ್ತಿದ್ದಳು. ಅವಳು ಎಲ್ಲಿಯವಳೆಂದು ಮಾರ್ಲಿಸ್‌ಗೆ ಗೊತ್ತಿರಲಿಲ್ಲವೇ?

“ಗೊತ್ತಿತ್ತು. ಅದೇ ನಾಚಿಕೆ,” ಎನ್ನುತ್ತಾರೆ ಅವರು. “ಗೊತ್ತಿದ್ದೂ ತಲೆಗೆ ಹೋಗ್ಲಿಲ್ಲ. ಎಲ್ಲರ ಹಾಗೆ ಅವಳಿಗೂ ಕೇಳಿದೆ, ನಿಮ್ಮವರು ಎಲ್ಲಿಂದ ಬಂದ್ರು ಮರಿ, ಏನು ತಂದ್ರು ಅಂತ.”

ಅವತ್ತು ಗಲಾಟೆ ಜಾಸ್ತಿಯಿತ್ತು. ಮಾರ್ಲಿಸ್ ಎಲ್ಲರ ಮೈಕನ್ನೂ ತಮ್ಮ ಕಡೆಯಿಂದಲೇ ಮುಚ್ಚಿ, ಸರದಿಯ ಪ್ರಕಾರ ಒಬ್ಬೊಬ್ಬರದೇ ತೆರೆಯುತ್ತಿದ್ದರು. ಮೊದಲು ತಮ್ಮ ಮುತ್ತಜ್ಜನ ಪೆಟ್ಟಿಗೆ ತೋರಿಸಿದರು. ಒಬ್ಬ ಬೀಜ ಬಿತ್ತುವ ಯಂತ್ರದ ಹಲ್ಲು ತೋರಿಸಿದ. ಒಬ್ಬಳು ಜರ್ಮನ್ ಬೈಬಲ್ ತೋರಿಸಿದಳು. ಶೇನಾಳ ಸರದಿ ಬಂದಾಗ ಗಂಟೆ ಮುಗಿಯಲು ಬಂದಿತ್ತು. ಹುಡುಗಿ ಕೈಯಲ್ಲಿ ಏನನ್ನೂ ಹಿಡಿದಿರಲಿಲ್ಲ. ಎದುರಿನ ಲ್ಯಾಪ್‌ಟಾಪನ್ನು ಎತ್ತಿ ಕಿಟಕಿಯ ಕಡೆ ತಿರುಗಿಸಿದಳು. ಬಿಳಿ ಬಯಲು, ಅದರಾಚೆ ಒಂದು ಬೋಳುಗುಡ್ಡ, ಅದರ ಕಡೆ ಚಾಚಿದ ಒಂದು ಪುಟ್ಟ ಬೆರಳು. ಗಡಿಯಾರ ನೋಡುತ್ತಿದ್ದ ಮಾರ್ಲಿಸ್, ‘ಚೆನ್ನಾಗಿದೆ’ ಎಂದು ಹೊಗಳಿ, ಉಳಿದ ಮಕ್ಕಳನ್ನು ಕರೆದು ಪಾಠ ಮುಗಿಸಿದರು. ಶೇನಾಳ ಕ್ಯಾಮೆರಾ ಆರಿತು. ಮರುದಿನದಿಂದ ಅವಳ ಜಾಗದಲ್ಲಿ ಹೆಸರು ಬರೆದ ಕಪ್ಪು ಚೌಕ ಮಾತ್ರ ಉಳಿಯಿತು.

ಆ ವಾರದ ಕೊನೆಗೆ, ಗೈರುಹಾಜರಾದ ಒಬ್ಬನಿಗೆ ಕಳಿಸಲೆಂದು ಮಾರ್ಲಿಸ್ ಪಾಠದ ರೆಕಾರ್ಡಿಂಗ್ ತೆರೆದು ನೋಡಿದರು. ಲ್ಯಾಪ್‌ಟಾಪ್ ತಿರುಗಿಸುವ ಮೊದಲೂ ಹುಡುಗಿಯ ತುಟಿ ಆಡುತ್ತಿದೆ. ತಿರುಗಿಸಿ ತಂದ ಮೇಲೂ ಆಡುತ್ತಲೇ ಇದೆ. ಕೆನ್ನೆ ಕೆಂಪಾಗಿದೆ, ಕಣ್ಣು ನೇರವಾಗಿ ಟೀಚರಿನ ಕಡೆಗೇ ಇದೆ. ಸದ್ದಿಲ್ಲ. ಅವಳ ಮೈಕು ತೆರೆಯುವುದನ್ನು ಟೀಚರು ಮರೆತಿದ್ದರು. ಆ ಮೌನದ ಮೇಲೆ ಕೇಳಿಸುತ್ತಿದ್ದದ್ದು ಒಂದೇ ದನಿ, ಅದೂ ಮಾರ್ಲಿಸ್ ಅವರದೇ: “ಚೆನ್ನಾಗಿದೆ ಮರಿ. ಮುಂದೆ ಯಾರು?”

ಇದನ್ನು ನನಗೆ ಹೇಳುವಾಗ ಅವರು ಕಾಫಿಯ ಲೋಟವನ್ನು ಮೇಜಿನ ಮೇಲೆ ಅತ್ತಿಂದಿತ್ತ ಸರಿಸುತ್ತಾರೆ. ಎದುರಿನವರು ಸುಮ್ಮನಿದ್ದಾರೆ ಎಂದರೆ ಹೇಳಲು ಏನೂ ಇಲ್ಲ ಎಂದುಕೊಳ್ಳುವ ಚಟ ನಮ್ಮ ಊರಿಗೆ ಮೊದಲಿನಿಂದಲೂ ಇದೆ. ಅದಕ್ಕೊಂದು ಗುಂಡಿಯನ್ನೂ ಯಾರೋ ಕಂಡುಹಿಡಿದುಕೊಟ್ಟರು, ಅಷ್ಟೆ.

“ಕ್ಲಾಸ್‌ರೂಮಾಗಿದ್ರೆ ಎದ್ದು ಅವಳ ಡೆಸ್ಕಿನ ಹತ್ರ ಹೋಗಿರ್ತಿದ್ದೆ,” ಎನ್ನುತ್ತಾರೆ. “ಇಲ್ಲಿ ಎದ್ರೂ ಎಲ್ಲಿಗೆ ಹೋಗ್ಲಿ?”

ಹಾಗೆಂದು ಅವರು ಸುಮ್ಮನೆ ಕೂರಲಿಲ್ಲ. ಹಿಮ ಕರಗಿ ದಾರಿ ತೆರೆದ ಮೊದಲ ಶನಿವಾರ ಅರ್ಧ ದಿನ ಪಿಕಪ್ ಓಡಿಸಿ ಶೇನಾಳ ಮನೆ ಹುಡುಕಿದರು. ಬಾಗಿಲು ತೆರೆದದ್ದು ಅಜ್ಜಿ ವೆಲ್ಮಾ. ಬಂದವರನ್ನು ಮೇಲಿಂದ ಕೆಳಗೆ ನೋಡಿದ ಮುದುಕಿ ಕೇಳಿದ ಮೊದಲ ಮಾತನ್ನು ಮಾರ್ಲಿಸ್ ಈಗಲೂ ಆಕೆಯ ದನಿಯಲ್ಲೇ ಹೇಳುತ್ತಾರೆ.

“ನೀನೇನಾ ಆ ಪೆಟ್ಟಿಗೆ ಟೀಚರಮ್ಮ? ಅಷ್ಟು ದೊಡ್ಡ ಪೆಟ್ಟಿಗೆ ತಂದ್ರಂತಲ್ಲ ನಿಮ್ಮ ಮುತ್ತಜ್ಜ. ವಾಪಸ್ ಹೋಗೋ ಯೋಚನೆನೇ ಇರ್ಲಿಲ್ಲ ಅನ್ನು.”

ವೆಲ್ಮಾ ಒಳಗೆ ಕರೆದು ಸೂಪು ಬಡಿಸಿದರು, ಕರಿದ ರೊಟ್ಟಿ ಕೊಟ್ಟರು, ಉಂಡು ಮುಗಿಯುವವರೆಗೆ ವಿಷಯ ಎತ್ತಗೊಡಲಿಲ್ಲ. ಕೋಣೆಯಿಂದ ಶೇನಾ ಬಂದಳು. ಪರದೆಯಲ್ಲಿ ಕಂಡದ್ದಕ್ಕಿಂತ ಎತ್ತರದ ಹುಡುಗಿ. ಮಾರ್ಲಿಸ್ ತಪ್ಪು ನನ್ನದು ಎಂದರು. ಮೈಕಿನ ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಅವತ್ತು ಹೇಳಿದ್ದನ್ನು ದಯವಿಟ್ಟು ಇನ್ನೊಂದು ಸಲ ಹೇಳುತ್ತೀಯಾ ಎಂದು ಕೇಳಿಕೊಂಡರು.

ಹುಡುಗಿ ಸಿಟ್ಟಾಗಲಿಲ್ಲ. ಕಿಟಕಿಯ ಕಡೆ ನೋಡಿ ಹೇಳಿದಳು: “ನಾನು ಹೇಳಿ ಆಯ್ತಲ್ಲ, ಟೀಚರ್.”

ವರ್ಷ ಮುಗಿಯುವ ಮೊದಲೇ ಅವಳು ಆ ತರಗತಿ ಬಿಟ್ಟಳು. ಹೊರಗಿನ ಬೋಳುಗುಡ್ಡದ ಬಗ್ಗೆ ವೆಲ್ಮಾ ಕೂಡ ಬಾಯಿ ಬಿಚ್ಚಲಿಲ್ಲ. ಮಾತು ಮೊಮ್ಮಗಳದು, ನನ್ನದಲ್ಲ ಎಂದುಬಿಟ್ಟರಂತೆ.

ಸಾಮಾನಿನ ದಿನ ಈಗಲೂ ಇದೆ, ಪೆಟ್ಟಿಗೆಯೂ ಬರುತ್ತದೆ. ಕೇಳುವ ಪ್ರಶ್ನೆ ಮಾತ್ರ ಬೇರೆ. ಈ ಪೆಟ್ಟಿಗೆ ಇಳಿಸಿದ ಜಾಗದಲ್ಲಿ ಆಗ ಯಾರಿದ್ದರು, ಅವರು ಎಲ್ಲಿಗೆ ಹೋದರು ಎಂದು ಮಕ್ಕಳು ಹುಡುಕಿ ತರಬೇಕು. ಕೆಲವು ಮನೆಗಳಿಗೆ ಇದು ಹಿಡಿಸಿಲ್ಲ. ನಮ್ಮಜ್ಜನ ನೇಗಿಲು ಏನು ಪಾಪ ಮಾಡಿತ್ತು ಎಂದು ಒಬ್ಬರು ಚರ್ಚಿನ ಊಟದಲ್ಲೇ ಜಗಳಕ್ಕೆ ಬಂದರು. ನೇಗಿಲು ಪಾಪ ಮಾಡಿತು ಎಂದು ನಾನೆಲ್ಲಿ ಹೇಳಿದೆ, ಯಾರ ನೆಲ ಎಂದು ಕೇಳಿದೆ ಅಷ್ಟೆ ಎಂದು ಮಾರ್ಲಿಸ್ ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋದರು. ಗಂಡ ಆರಿನ್ ಹಿಂದೆಯೇ ಎದ್ದುಹೋದರು, ತಮ್ಮ ಆಲೂಗಡ್ಡೆ ಅರ್ಧಕ್ಕೇ ಬಿಟ್ಟು.

ಹತ್ತೊಂಬತ್ತಾಗಿರುವ ಶೇನಾ ಈಗ ತನ್ನೂರಿನ ಶಿಶುಶಾಲೆಯಲ್ಲಿ ಮಕ್ಕಳಿಗೆ ಕಥೆ ಹೇಳುತ್ತಾಳೆಂದು ವೆಲ್ಮಾ ಫೋನಿನಲ್ಲಿ ತಿಳಿಸಿದ್ದಾರೆ. ಅವಳ ಸುತ್ತ ಗಲಾಟೆಯೋ ಗಲಾಟೆಯಂತೆ. ಬರುವ ಬೇಸಿಗೆಗೆ ಮಾರ್ಲಿಸ್ ನಿವೃತ್ತರಾಗುತ್ತಾರೆ. ಅದರೊಳಗೆ ಒಂದೇ ಒಂದು ದಿನ ನಮ್ಮ ತರಗತಿಗೆ ಬಾ ಎಂದು ಅಜ್ಜಿಯ ಮೂಲಕ ಹೇಳಿಸಿದ್ದಾರೆ. ಉತ್ತರ ಬಂದಿಲ್ಲ. ಬರಲೇಬೇಕೆಂದು ಕೇಳುವ ಹಕ್ಕು ತಮಗಿಲ್ಲ ಎಂಬುದೂ ಅವರಿಗೆ ಗೊತ್ತು.

ಎಂಟಾಗುತ್ತಾ ಬಂದಿದೆ. ಪರದೆಯ ಮೇಲೆ ಮೊದಲ ನಾಯಿ ಬೊಗಳುತ್ತದೆ. ಅವಳು ಬಂದರೆ ಏನು ಮಾಡುತ್ತೀರಿ ಎಂದು ಕೇಳುತ್ತೇನೆ.

“ಏನೂ ಮಾಡಲ್ಲ,” ಎನ್ನುತ್ತಾರೆ ಮಾರ್ಲಿಸ್, ಕನ್ನಡಕ ಏರಿಸಿಕೊಳ್ಳುತ್ತಾ. “ಪಾಠ ಅವಳು ಮಾಡ್ತಾಳೆ. ನಾನು ನನ್ನ ಮೈಕು ಮುಚ್ಕೊಂಡು ಕೂತಿರ್ತೀನಿ.”